ಅಳಿಯನ ದನಿ ಬೇರೆ, ಮನೆಯ ದನಿ ಬೇರೆ

ಸ್ವಾತಂತ್ರ್ಯ ಬಂದ ಮರುವರ್ಷ ಮುಂಡರಗಿಯ ನಮ್ಮ ಪಡಸಾಲೆಯಲ್ಲಿ ಮೂರು ಸರ್ಕಾರಗಳು ಕೂತು ಒಂದೇ ಬುಟ್ಟಿಯ ರೊಟ್ಟಿ ತಿನ್ನುತ್ತಿದ್ದವು. ಅಪ್ಪ ಮುಂಬೈ ಸರ್ಕಾರದವನು. ಪೇಟೆಯಲ್ಲಿ ಹಗ್ಗ, ಮಿಣಿ, ಎತ್ತಿನ ಗೆಜ್ಜೆ ಮಾರುವ ಅಂಗಡಿ ಅವನದು. ಅಪ್ಪನ ತಾಯಿ, ನಮ್ಮ ಆಯಿ, ಲಕ್ಷ್ಮೇಶ್ವರದವಳು. ಅದು ರಾಜರ ಸೀಮೆ. ರಾಜರೇ ಸಂಸ್ಥಾನ ಬಿಟ್ಟುಕೊಟ್ಟ ಮೇಲೂ ಆಯಿ ಬಿಟ್ಟುಕೊಟ್ಟಿರಲಿಲ್ಲ. "ನಮ್ಮ ಸಂಸ್ಥಾನದಾಗ ಬದನಿಕಾಯಿಗೂ ಒಂದು ಗತ್ತಿತ್ತು, ನಿಮ್ಮ ಮುಂಬೈ ಬದನಿಕಾಯಿ ಬರೇ ಬೀಜ" ಎಂದು ಪಲ್ಯದ ಮುಂದೆ ಕೂತು ದಿನಾ ಹೇಳುತ್ತಿದ್ದಳು. ಇನ್ನು ಅಕ್ಕ. ಅವಳನ್ನು ಕೊಟ್ಟದ್ದು ನಿಜಾಮನ ಸೀಮೆಗೆ. ಊರಿನ ಮೂಡಣಕ್ಕೆ ಹೋಗಿ ಒಂದು ಹಳ್ಳ ದಾಟಿದರೆ ಅವಳ ಗಂಡನ ಊರಿನ ದಾರಿ. ಹಳ್ಳದ ಈಚೆ ಬಾವುಟ ಹಾರಿತ್ತು, ಆಚೆ ಹಾರಿರಲಿಲ್ಲ. ಎರಡೂ ದಂಡೆಯ ಮೇಲೆ ಮನಸ್ಸಿಗೆ ಬಂದಂತೆ ಒದರುವ ಸ್ವಾತಂತ್ರ್ಯ ಹಳ್ಳದ ಕಪ್ಪೆಗಳಿಗೆ ಮಾತ್ರ ಇತ್ತು.

ನಾನು ಆಗ ಹದಿನೆಂಟರ ಹುಡುಗ. ಮೆಟ್ರಿಕ್ ಪರೀಕ್ಷೆಯಲ್ಲಿ ಗಣಿತ ನನ್ನ ಕೈಬಿಟ್ಟಿತ್ತು, ನಾನೂ ಅದರ ಕೈ ಹಿಡಿದವನಲ್ಲ. ನನಗೆ ಬರುತ್ತಿದ್ದ ವಿದ್ಯೆ ಒಂದೇ: ಅಣಕ. ಗದಗಿನ ಬಸ್ಸಿನ ಕಂಡಕ್ಟರ್ ಮೂಗಿನಿಂದ ಊರುಗಳ ಹೆಸರು ಕೂಗುವುದು, ಬೆಟಗೇರಿಯ ಸೀರೆಯವನು ಸೆರಗು ಬಿಚ್ಚುತ್ತ ತಾನೇ ನಾಚಿಕೊಳ್ಳುವುದು, ಗಿರಾಕಿ ಹಗ್ಗ ಎಳೆದು ನೋಡಿದಾಗ ಅಪ್ಪ ತನ್ನ ಕುತ್ತಿಗೆಯನ್ನೇ ಎಳೆದ ಹಾಗೆ ಮುಖ ಮಾಡುವುದು, ಎಲ್ಲವೂ ನನ್ನ ಬಾಯಲ್ಲಿದ್ದವು. ನನ್ನ ಸ್ವಂತ ದನಿಯನ್ನು ಮಾತ್ರ ಯಾರೂ ಅಣಕಿಸಿದ್ದಿಲ್ಲ. ಎಣ್ಣೆ ಕಾಣದ ಬಂಡಿಯ ಅಚ್ಚಿನಂಥ ಆ ದನಿಯನ್ನು ನಾನೇ ಹೆಚ್ಚು ಬಳಸುತ್ತಿರಲಿಲ್ಲ.

ಆ ವರ್ಷ ಮುಂಗಾರಿಗೆ ಮುಂಚೆ ಅಕ್ಕ ಬಂಡಿಯಲ್ಲಿ ಬಂದಿಳಿದಳು. ನಾಲ್ಕು ತಿಂಗಳ ಬಸುರಿ. ಆ ಕಡೆ ರಜಾಕಾರರ ಹಾವಳಿ ಹೆಚ್ಚಾಗಿತ್ತು. ಊರಿಗೆ ಊರೇ ಗಂಟುಮೂಟೆ ಕಟ್ಟಿ ಹಳ್ಳ ದಾಟಿ ಬರುತ್ತಿತ್ತು. ಅವಳ ಜೊತೆ ಅವಳ ಗಂಡ ಬರಲಿಲ್ಲ. ಅವನ ತಾಯಿ ತನ್ನ ಎಮ್ಮೆ ಬಿಟ್ಟು ಹೊರಡಲು ಒಪ್ಪಿರಲಿಲ್ಲ. "ನೀ ಮುಂದ ನಡಿ, ನಮ್ಮವ್ವನ್ನ ಒಪ್ಪಿಸಿ, ಎಮ್ಮೀನ ಒಪ್ಪಿಸಿ ನಾ ಹಿಂದ ಬರತೇನಿ" ಎಂದು ಅವನು ನೆರೆಯವರ ಬಂಡಿಗೆ ಅಕ್ಕನನ್ನು ಹತ್ತಿಸಿದ್ದ. ಆಮೇಲೆ ಆ ಊರಿನವರು ಒಬ್ಬೊಬ್ಬರಾಗಿ ಬಂದರು. ಎಲ್ಲರೂ ಒಂದೇ ಮಾತು ಹೇಳಿದರು: ನಾವು ಹೊರಡುವಾಗ ಆ ಮನೆಯ ಕದ ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ.

ಅಷ್ಟೇ. ಬದುಕಿದ್ದಾನೆ ಅನ್ನುವವರೂ ಇಲ್ಲ, ಇಲ್ಲ ಅನ್ನುವವರೂ ಇಲ್ಲ.

ಅಕ್ಕ ಬೀಸುವ ಕಲ್ಲಿನ ಪಕ್ಕ ಗೋಡೆಗೆ ಆನಿಕೊಂಡು ಕೂತವಳು ಕೂತೇ ಇದ್ದಳು. ರೊಟ್ಟಿ ಮುರಿಯುತ್ತಿದ್ದಳು, ತಿನ್ನುತ್ತಿರಲಿಲ್ಲ. ಏಳನೆಯ ತಿಂಗಳಲ್ಲಿ ಕುಬಸ ಮಾಡಬೇಕು, ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ಇಡಿಸಿ, ಉಡಿ ತುಂಬಬೇಕು ಎಂದು ಅವ್ವ ಮೆಲ್ಲಗೆ ಮಾತು ತೆಗೆದಳು. ಅಕ್ಕ ತಲೆ ಅಲ್ಲಾಡಿಸಿದಳು. ಕಾರಣ ನಮಗೆಲ್ಲ ಗೊತ್ತಿತ್ತು. ಕುಬಸದ ದಿನ ಹೆಂಗಸರು ಸುಮ್ಮನೆ ಬಿಡುವುದಿಲ್ಲ, ಒಡಪು ಹೇಳು ಅನ್ನುತ್ತಾರೆ. ಒಡಪಿನ ಕೊನೆಗೆ ಗಂಡನ ಹೆಸರು ಹೇಳಬೇಕು. ಬಾಯಿಬಿಟ್ಟು ಆ ಹೆಸರು ಹೇಳಿದರೆ ಕೂತ ಹೆಂಗಸರೆಲ್ಲ ಸೆರಗು ಕಣ್ಣಿಗೆ ಒತ್ತುತ್ತಾರೆ. ಆ ಸೆರಗುಗಳನ್ನು ನೋಡಲು ಅವಳಿಗೆ ಇಷ್ಟವಿರಲಿಲ್ಲ.

ಅವಳನ್ನು ನಗಿಸುವ ಕೆಲಸ ನನ್ನ ಪಾಲಿಗೆ ಬಂತು. ಕಂಡಕ್ಟರ್ ಬಂದ, ಸೀರೆಯವನು ಬಂದ, ಅಪ್ಪ ಎದುರಿಗೇ ಕೂತಿದ್ದರೂ ಇನ್ನೊಬ್ಬ ಅಪ್ಪ ಬಂದ. ಅಕ್ಕನ ತುಟಿ ಮಿಸುಕಲಿಲ್ಲ. ಆಯಿ ಮಾತ್ರ ಬೊಚ್ಚು ಬಾಯಿ ತೆರೆದು ನಗುತ್ತಿದ್ದಳು, ತನ್ನ ಅಣಕ ಬರುವವರೆಗೆ. ಬಂದೊಡನೆ, "ಇಂಥಾವರನ್ನ ನಮ್ಮ ರಾಜರು ಊರ ಹೊರಗ ಇಡತಿದ್ದರು" ಅನ್ನುತ್ತಿದ್ದಳು.

ಒಂದು ದನಿಗೆ ಮಾತ್ರ ಮನೆಯಲ್ಲಿ ತಡೆ ಇತ್ತು. ಅಕ್ಕನ ಗಂಡನದು, ಅಂದರೆ ನನ್ನ ಮಾವನದು. ಮದುವೆಯಾದಾಗಿನಿಂದ ಅದು ನನ್ನ ಹೆಸರಾದ ಆಟ. ಹಬ್ಬಕ್ಕೆ ಬಂದ ಅಳಿಯ ಜಮಖಾನೆಯ ತುದಿಯಲ್ಲಿ ಕೂತು, ಮೊದಲು ಒಂದು ಸಣ್ಣ ಕೆಮ್ಮು ಕೆಮ್ಮಿ, ನೂಲಿನಂಥ ದನಿಯಲ್ಲಿ "ಸಾಕ್ರಿ, ಹೊಟ್ಟಿ ತುಂಬೈತ್ರಿ" ಅಂದು, ಬಡಿಸಿದ್ದನ್ನೆಲ್ಲ ಮುಗಿಸುವ ಆಟ. ಹಿಂದೆ ಅದಕ್ಕೆ ಓಣಿಯೇ ನಕ್ಕಿತ್ತು. ಈಗ ಅವ್ವ ಕಣ್ಣಿನಲ್ಲೇ ಹೆದರಿಸಿಟ್ಟಿದ್ದಳು.

ಆದರೆ ನನ್ನ ನಾಲಗೆ ನನ್ನ ಮಾತು ಎಂದು ಕೇಳಿದೆ? ಒಂದು ಮಧ್ಯಾಹ್ನ ಅವ್ವ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಲು ಬಂದಳು. ಬಾಯಿಂದ ಬಂದೇಬಿಟ್ಟಿತು. ಮೊದಲು ಕೆಮ್ಮು, ಆಮೇಲೆ "ಸಾಕ್ರಿ, ಹೊಟ್ಟಿ ತುಂಬೈತ್ರಿ."

ಅವ್ವನ ಕೈ ಗಾಳಿಯಲ್ಲೇ ನಿಂತಿತು. ಅಪ್ಪ ತಾಟು ನೋಡಿದ. ಒಲೆಯ ಬೆಂಕಿ ಕೂಡ ಚಟಪಟ ನಿಲ್ಲಿಸಿದಂತೆ ನನಗೆ ಅನಿಸಿತು. ನಾನು ಮಾಡಿದ್ದಕ್ಕೆ ಅದೂ ಬೈಯಲಿದೆ ಎಂದುಕೊಂಡೆ.

ಗೋಡೆಯ ಕಡೆಯಿಂದ ಅಕ್ಕನ ದನಿ ಬಂತು. "ಅದು ಅವರ ದನಿ ಅಲ್ಲ."

"ಅಲ್ಲಾ? ಓಣಿ ಮಂದಿ ಎಲ್ಲಾ ಹೌದ ಅಂದಾರಕ್ಕಾ" ಎಂದೆ. ಹೆದರಿಕೆಗಿಂತ ಹೆಚ್ಚಾಗಿ ಕಸುಬಿಗೆ ಪೆಟ್ಟು ಬಿದ್ದಿತ್ತು.

"ಓಣಿ ಮಂದಿಗೇನು ಗೊತ್ತು? ಅದು ಅಳಿಯನ ದನಿ. ಮಾವನ ಮನ್ಯಾಗ ಎಲ್ಲಾ ಗಂಡಸರೂ ಹಂಗ ಮಾತಾಡತಾರ. ನಮ್ಮ ಮನ್ಯಾರ ದನಿ ನೀ ಕೇಳೇ ಇಲ್ಲ."

ನಿಜ. ಅದು ನನಗೆ ಹೊಳೆದೇ ಇರಲಿಲ್ಲ. ಮಾವನನ್ನು ನಾನು ಕಂಡದ್ದೆಲ್ಲ ನಮ್ಮ ಪಡಸಾಲೆಯಲ್ಲಿ, ಅವನು ತಲೆಗೆ ಹೊಸ ರುಮಾಲು ಸುತ್ತಿ, ಗೋಡೆಗೂ 'ರೀ' ಹಚ್ಚಿ ಮಾತಾಡುವಾಗ. ಅವನ ಹೊಲ ಕಂಡವನಲ್ಲ, ಅಂಗಳ ಕಂಡವನಲ್ಲ. ಊರೆಲ್ಲ ಮೆಚ್ಚಿದ ನನ್ನ ಅಣಕ ಒಂದು ರುಮಾಲಿನ ಅಣಕವಾಗಿತ್ತು.

"ಹಂಗಾದ್ರ ಖರೆ ದನಿ ಹೆಂಗ? ಕಲಿಸು" ಎಂದೆ.

ಅಕ್ಕ ಕೈಯಲ್ಲಿದ್ದ ರೊಟ್ಟಿಯ ಚೂರು ತಾಟಿಗೆ ಇಟ್ಟು, "ಮನ್ಯಾಗ ಅವರು ಕೆಮ್ಮೂದು ಮಾತಿಗಿಂತ ಮದಲಲ್ಲ, ಆದಮ್ಯಾಲೆ" ಎಂದಳು. "ಸುಳ್ಳ ಹೇಳಿದಾಗ ಮಾತ್ರ."

ಪಾಠ ಹೀಗೆ ಶುರುವಾಯಿತು. ನನಗೆ ಶಾಲೆಯಲ್ಲಿ ಅಷ್ಟು ಬಿಗಿಯಾದ ಮಾಸ್ತರರು ಸಿಕ್ಕಿದ್ದರೆ ಗಣಿತವೂ ಒಲಿಯುತ್ತಿತ್ತೇನೋ. ಮಾವ ಎತ್ತುಗಳಿಗೆ "ಬಾ ನನ್ನಪ್ಪಾ, ಬಾ ನನ್ನ ದೊರಿ" ಅನ್ನುವ ದನಿ, ಅದೇ ಎತ್ತು ಗೆರೆ ತಪ್ಪಿದರೆ ಅದರ ಅಪ್ಪನನ್ನು ಬೈಯುವ ದನಿ, ತಾಯಿಯ ಎಮ್ಮೆಯ ಜೊತೆ ನ್ಯಾಯ ಮಾಡುವ ದನಿ. ಎಲ್ಲಕ್ಕಿಂತ ಕಷ್ಟದ್ದು, ಹೊಲದಿಂದ ಬಂದು ಅಂಗಳದಲ್ಲೇ ನಿಂತು ಅಕ್ಕನನ್ನು ಕರೆಯುವ ದನಿ: "ಏ ಮುಂಡರಗಿ ಮಹಾರಾಣಿ, ಇವತ್ತರ ಸಾರಿಗೆ ಉಪ್ಪು ಹಾಕಿದ್ಯೋ, ತವರಮನ್ಯಾಗ ಮರತು ಬಂದ್ಯೋ?"

"ಮಹಾರಾಣಿ ಅಂತ ಅಷ್ಟ ಜೋರ ಎಳೀಬ್ಯಾಡ. ನಾಟಕದವ ಆದಿ."

"ಮಹಾರಾಣಿ" ಎಂದು ಮೆತ್ತಗೆ ಅಂದೆ.

"ಈಗ ಜ್ವರ ಬಂದವ ಆದಿ. ಹೊಟ್ಟಿ ಹಸದಿರತೈತಿ, ಸಿಟ್ಟು ಬಂದಿರಂಗಿಲ್ಲ. ಹಂಗ ಅನ್ನು."

ನಾನೂ ಸುಮ್ಮನೆ ಕಲಿಯಲಿಲ್ಲ. ಒಂದು ಷರತ್ತು ಹಾಕಿದೆ: "ಹಸದ ಮಾಸ್ತರ ಕಡೆ ನಾ ಕಲಿಯಂಗಿಲ್ಲ. ನೀ ರೊಟ್ಟಿ ಮುಗಸಿದ್ರ ನಾ ಬಾಯಿ ತಗೀತೇನಿ." ಅಕ್ಕ ತಿಂದಳು. ತಿನ್ನುತ್ತ ತಿದ್ದಿದಳು, ತಿದ್ದುತ್ತ ಇನ್ನೊಂದು ತುತ್ತು ತಿಂದಳು. ಆಯಿ ಪರೀಕ್ಷಕಳಾಗಿ ಬಂದು ಕೂತಳು. ಆ ದನಿಯನ್ನು ಅವಳೂ ಕೇಳಿದ್ದಿಲ್ಲ, ಆದರೂ ಪ್ರತಿ ಸಲ "ನಾಪಾಸು" ಅನ್ನುತ್ತಿದ್ದಳು.

ಅವ್ವನಿಗೆ ಮಾತ್ರ ಇದು ಸರಿಬೀಳಲಿಲ್ಲ. ಒಂದು ದಿನ ಸೌದೆ ಮುರಿಯುತ್ತ ಅಂದೇಬಿಟ್ಟಳು: "ಸಾಕ ಮಾಡ್ರೆ. ಹೋದವರ ದನಿ ಹಿಂಗ ಮನ್ಯಾಗ ಆಡಸಬಾರದು."

ಅಕ್ಕ ತುತ್ತು ನುಂಗಿಯೇ ಉತ್ತರ ಕೊಟ್ಟಳು. "ಯಾರು ಹೋದವರು? ಅವರು ಹೋಗಿಲ್ಲಬೇ. ಇನ್ನಾ ಬಂದಿಲ್ಲ, ಅಷ್ಟ."

ಅವ್ವ ಆ ಸೌದೆಯನ್ನು ಮತ್ತೆ ಮುರಿದಳು, ಅದು ಆಗಲೇ ಮುರಿದಿತ್ತು. ಆಮೇಲೆ ಮೂಗು ಒರೆಸಿಕೊಂಡು, "ಆ ಎಮ್ಮಿ ದನಿನೂ ಕಲೀ ಅನ್ನು ಅವಗ. ನಮ್ಮ ಬೀಗತಿಗಿ ಮಗನಕಿಂತ ಅದರ ಚಿಂತಿನ ಜಾಸ್ತಿ" ಎಂದಳು. ಅಂದಿನಿಂದ ಅವ್ವನೂ ನಮ್ಮ ಶಾಲೆಗೆ ಸೇರಿದಳು ಎಂದು ನಾನು ಲೆಕ್ಕ ಹಿಡಿದೆ. ಎಮ್ಮೆಯ ದನಿಯಲ್ಲಿ ಮಾತ್ರ ನಾನು ಮೊದಲ ಸಲಕ್ಕೇ ಪಾಸಾದೆ. ಅದು ನನ್ನ ಸ್ವಂತ ದನಿಗೆ ಬಹಳ ದೂರವಿರಲಿಲ್ಲ ಎಂದು ಆಯಿ ಹೇಳಿದಳು.

ಶ್ರಾವಣದಲ್ಲಿ ಅಕ್ಕ ತಾನಾಗಿಯೇ "ಕುಬಸ ಮಾಡ್ರಿ" ಎಂದಳು.

ಗಂಡಸರಿಗೆ ಅಲ್ಲಿ ಜಾಗವಿಲ್ಲ. ನಾನು ನೀರಿನ ಕೊಡ ಹೊತ್ತವನ ಹಾಗೆ ಹಿತ್ತಲ ಬಾಗಿಲ ಹಿಂದೆ ನಿಂತೆ. ಕೊಡ ಖಾಲಿ ಇತ್ತು. ಹಸಿರು ಬಳೆಯ ಸದ್ದು ಕೇಳಿತು, ಹಾಡು ಮುಗಿಯಿತು. "ಒಡಪ ಹೇಳವ್ವಾ" ಎಂದು ಯಾರೋ ಅಭ್ಯಾಸಬಲದಿಂದ ಅಂದು, ಅಂದದ್ದಕ್ಕೆ ತಾವೇ ನಾಲಗೆ ಕಚ್ಚಿಕೊಂಡರು. ಪಕ್ಕದ ಮನೆಯ ಮುದುಕಿ, "ಬಿಡ್ರೆ, ಪಾಪ" ಎಂದಳು. ಸೆರಗುಗಳು ಕಣ್ಣಿನ ದಾರಿ ಹಿಡಿದಿರಬೇಕು. ಅಷ್ಟರಲ್ಲಿ ಅಕ್ಕ ಗಟ್ಟಿಯಾಗಿ ಶುರು ಮಾಡಿದಳು:

"ಬ್ಯಾಡ ಬ್ಯಾಡ ಅನಕೋಂತ ಬುಟ್ಟಿ ರೊಟ್ಟಿ ಮುಗಿಸ್ಯಾರು,
ಹಳ್ಳದಾಚೆ ಇದ್ದರೂ ಹಸದು ಕೂಡಂಗಿಲ್ಲ ನಮ್ಮ..."

ಕೊನೆಗೆ ಆ ಹೆಸರು, ಹೆಸರಿನ ಮುಂದೆ 'ರಾಯರು'. ಅವಳು ಹೇಳಿದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದನ್ನು ಹೇಳುವ ಹಕ್ಕು ಅವಳದು. ಮೊದಲು ನಕ್ಕದ್ದು "ಪಾಪ" ಅಂದ ಮುದುಕಿಯೇ. ಆ ನಗುವಿನ ಹಿಂದೆ ಇಡೀ ಪಡಸಾಲೆ ನಕ್ಕಿತು. ನನ್ನ ಕಣ್ಣಿಗೇನೋ ಬಿತ್ತು. ಕೊಡದಲ್ಲಿ ನೀರಿದ್ದರೆ ತೊಳೆದುಕೊಳ್ಳಬಹುದಿತ್ತು.

ಭಾದ್ರಪದದಲ್ಲಿ ಭಾರತದ ದಂಡು ನಿಜಾಮನ ಸೀಮೆಗೆ ಹೋಯಿತು. ಕೆಲವೇ ದಿನಗಳಲ್ಲಿ ಎಲ್ಲ ಮುಗಿಯಿತು ಎಂದು ಪೇಟೆಯ ರೇಡಿಯೋ ಹೇಳಿತು, ಜನ ಸಕ್ಕರೆ ಹಂಚಿದರು. ಬಂದವರು ಗಂಟು ಹೊತ್ತು ಮರಳಿ ತಮ್ಮ ಊರುಗಳಿಗೆ ಹೊರಟರು. ಅಪ್ಪ ಹಳ್ಳ ದಾಟಿ ಹೋಗಿ ನೋಡಿ ಬಂದ. ಕದ ಹಾಗೇ ತೆರೆದಿತ್ತು.

ನನಗೆ ಆಗ ಹೆದರಿಕೆ ಹತ್ತಿತು. ಇಷ್ಟು ದಿನ ತಡವಾಗಲು ಒಂದು ಕಾರಣವಿತ್ತು. ಈಗ ಅದೂ ಇರಲಿಲ್ಲ. ನಾನು ದನಿ ತೆಗೆಯುವುದನ್ನು ಬಿಟ್ಟೆ. ಅಕ್ಕ ಬಿಡಲಿಲ್ಲ. "ಯಾಕ, ಶಾಲಿಗಿ ಸೂಟಿ ಕೊಟ್ಟೀನೇನು? ಅನ್ನು" ಎನ್ನುತ್ತಿದ್ದಳು. ಆದರೆ ತಿದ್ದುವಾಗ ಅವಳ ದನಿ ತೆಳ್ಳಗಾಗಿತ್ತು, ರೊಟ್ಟಿ ಮತ್ತೆ ಅರ್ಧಕ್ಕೆ ನಿಲ್ಲುತ್ತಿತ್ತು.

ಒಂದು ಸಂಜೆ, ದೀಪ ಹಚ್ಚುವ ಹೊತ್ತು. ಅಕ್ಕ ತುಂಬಿದ ಹೊಟ್ಟೆ ಹೊತ್ತು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹೊರಗೆ ಬಾಗಿಲ ಬಳಿ ಮೊದಲು ಒಂದು ಸಣ್ಣ ಕೆಮ್ಮು, ಆಮೇಲೆ ನೂಲಿನಂಥ ದನಿ: "ಮಾವಾರ ಅದಾರೇನ್ರಿ?"

ಅಕ್ಕ ತಲೆ ಎತ್ತದೆ ಒದರಿದಳು. "ಲೇ, ಎಷ್ಟ ಹೇಳಬೇಕು ನಿನಗ? ಅದು ಅಳಿಯನ ದನಿ! ಕೆಮ್ಮು ಮದಲ ಬರಂಗಿಲ್ಲ, ಆಮ್ಯಾಲೆ. ಇಷ್ಟ ದಿನ ಕಲಿಸಿದ್ದೆಲ್ಲಾ ನೀರಾಗ ಹೋತು!"

ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ನನ್ನ ಬಾಯಿ ತುಂಬ ಬಿಸಿ ರೊಟ್ಟಿ ಇತ್ತು.

ಅಕ್ಕ ನನ್ನ ಕಡೆ ತಿರುಗಿದಳು. ನನ್ನ ಉಬ್ಬಿದ ಗಲ್ಲ ನೋಡಿದಳು. ಬಡಿಯುವ ಕೈ ನಿಂತಿತು. ಹೊರಗಿನವನಿಗೆ ಏನು ತಪ್ಪಾಯಿತೋ ತಿಳಿಯದೆ, ಇನ್ನೊಮ್ಮೆ ಮೊದಲೇ ಕೆಮ್ಮಿದ. ಅಕ್ಕ ಹಿಟ್ಟಿನ ಕೈಯಲ್ಲೇ ಗೋಡೆ ಹಿಡಿದು ಎದ್ದು ಹೊಸ್ತಿಲಿಗೆ ಹೋಗಿ ನಿಂತಳು.

ಅಂಗಳದಲ್ಲಿ ಮಾವ. ರುಮಾಲಿರಲಿಲ್ಲ, ಗಡ್ಡ ಬೆಳೆದಿತ್ತು. ಹಿಂದೆ ಅವನ ತಾಯಿ, ತಾಯಿಯ ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಎಮ್ಮೆ. ಮಾವ ಅಕ್ಕನನ್ನು ನೋಡಿದ, ಹೊಟ್ಟೆ ನೋಡಿದ, ಕೈಯ ಹಿಟ್ಟು ನೋಡಿದ. ಇದು ಹೆಂಡತಿಯ ತವರು ಅನ್ನುವುದು ಮರೆತೇಹೋಯಿತು ಅವನಿಗೆ. "ಏ ಮುಂಡರಗಿ ಮಹಾರಾಣಿ, ಒಳಗ ಕರೀತಿಯೋ, ಮತ್ತ ಹೊಳಿ ದಾಟಿ ಹೋಗ್ಲ್ಯೋ?" ಎಂದ.

ಹೊಟ್ಟೆ ಹಸಿದಿತ್ತು, ಸಿಟ್ಟು ಬಂದಿರಲಿಲ್ಲ. ಅಕ್ಕ ಕಲಿಸಿದ್ದು ಸರಿಯಾಗಿತ್ತು.

ಅಳಿಯ ಅಂಗಳದಲ್ಲಿ ನಿಂತು ಹೆಂಡತಿಯನ್ನು ಹಾಗೆ ಕೂಗಿದ್ದನ್ನು ಕೇಳಿಸಿಕೊಳ್ಳದವನಂತೆ ಅಪ್ಪ ಎಮ್ಮೆಯ ಹಗ್ಗ ಹಿಡಿದು, ಎಳೆದು ನೋಡಿ, "ಇದು ನಮ್ಮ ಅಂಗಡೀದಲ್ಲ" ಎಂದ. ದನಿ ನಡುಗುತ್ತಿತ್ತು. ಅದನ್ನು ನಾನು ಇವತ್ತಿಗೂ ಅಣಕಿಸಿಲ್ಲ.

ಆದದ್ದು ಇಷ್ಟು. ಹಳ್ಳದ ದಾರಿ ಕಟ್ಟಾದಾಗ ಮಾವ ತಾಯಿಯನ್ನು ಹರಿಗೋಲಿನಲ್ಲಿ ಕೂರಿಸಿಕೊಂಡು, ಎಮ್ಮೆಯನ್ನು ಪಕ್ಕದಲ್ಲಿ ಈಜಿಸಿಕೊಂಡು ತುಂಗಭದ್ರೆ ದಾಟಿದ್ದ. ಆಚೆ ದಂಡೆ ಮದ್ರಾಸ್ ಸರ್ಕಾರದ್ದು. ಹೊಳೆ ತುಂಬಿತು, ಮರಳಿ ಬರುವಂತಿರಲಿಲ್ಲ, ಖಬರು ಕಳಿಸಲು ಜನ ಸಿಗಲಿಲ್ಲ. "ನಾಕನೇ ಸರ್ಕಾರ!" ಎಂದು ಆಯಿ ಹುಬ್ಬೇರಿಸಿದಳು. "ಅಲ್ಲಿ ಬದನಿಕಾಯಿ ಹೆಂಗಿದ್ದವು?" ಈಗ ನಾಲ್ಕೂ ಸೀಮೆ ಸೇರಿ ಒಂದೇ ರಾಜ್ಯವಾಗಿದೆ, ಬದನೆಕಾಯಿಯ ವಾದ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.

ಊಟಕ್ಕೆ ಕೂತಾಗ ಅವ್ವ ಎರಡನೆಯ ರೊಟ್ಟಿ ತಂದಳು. ಅಷ್ಟರಲ್ಲಿ ಮಾವನಿಗೆ ತಾನು ಅಳಿಯ ಎಂದು ನೆನಪಾಗಿತ್ತು. ಮೊದಲು ಸಣ್ಣ ಕೆಮ್ಮು, ಆಮೇಲೆ "ಸಾಕ್ರಿ, ಹೊಟ್ಟಿ ತುಂಬೈತ್ರಿ." ಅಕ್ಕ ನಕ್ಕಳು, ಅವ್ವ ನಕ್ಕಳು, ಆಯಿ "ಪಾಸು" ಎಂದಳು. ಮಾವ ಬೆಪ್ಪಾಗಿ ಎಲ್ಲರ ಮುಖ ನೋಡಿದ.

ತೋರಿಸು ಎಂದು ಅಕ್ಕ ನನಗೆ ಕಣ್ಣು ಮಾಡಿದಳು. ನಾನು ಎದ್ದು ನಿಂತು ಎತ್ತು, ಎಮ್ಮೆ, ಮಹಾರಾಣಿ, ಕೊನೆಯ ಕೆಮ್ಮು, ಎಲ್ಲ ಮಾಡಿದೆ.

"ನಾ ಎಲ್ಲಿ ಹಂಗ ಮಾತಾಡತೀನಿ? ಸುಳ್ಳು" ಎಂದ ಮಾವ.

ಅಂದು, ಕೆಮ್ಮಿದ.