ಪಿಸುಮಾತು ಬರದವರ ಪಾಠ

ಬನಹಟ್ಟಿಯ ನಮ್ಮ ಮಗ್ಗದ ಶೆಡ್ಡಿಗೆ ಕಂಪ್ಯೂಟರ್ ಮಗ್ಗ ಬಂದ ವಾರ, ಮಾಲೀಕರು ಉಳಿದ ಮಗ್ಗಗಳನ್ನೆಲ್ಲ ನಿಲ್ಲಿಸಿ ನಮ್ಮನ್ನು ಜಮಖಾನೆಯ ಮೇಲೆ ಸುತ್ತಲೂ ಕೂರಿಸಿದರು. ತಾವೂ ನೆಲದ ಮೇಲೇ ಕೂತರು.

"ಇಲ್ಲಿ ಸಾವ್ಕಾರ ಇಲ್ಲ, ಆಳಿಲ್ಲ. ಎಲ್ಲಾರೂ ಕೂಡಿ ಕಲಿಯೂದು."

"ಹಂಗಾರ ಇವತ್ತ ಚಾ ನೀವ ತರ್ರಿ, ಸಾವ್ಕಾರ್ರ," ಎಂದಿತು ಆಚೆ ಬದಿಯಿಂದ ಒಂದು ದನಿ.

ನಕ್ಕೆವು. ಚಹಾ ಯಾರು ತಂದರೋ ನೆನಪಿಲ್ಲ. ಮಾಲೀಕರೇ ತಂದರು ಎಂದರೆ ಕತೆಗೆ ಚೆಂದ; ಅದಕ್ಕೇ ಹಾಗೆ ಬರೆಯುವುದಿಲ್ಲ.

ನಾನು ಬಟ್ಟೆ ಮಡಿಸುವವಳು. ಪಕ್ಕದಲ್ಲಿದ್ದ ಗೆಳತಿ ವರ್ಷಗಟ್ಟಲೆ ಕಂಡಿಕೆಗೆ ನೂಲು ಸುತ್ತಿದವಳು. ಸೋಮವಾರದಿಂದ ಹೊಸ ಮಗ್ಗ ಅವಳದು. ಹಾಸಿನ ನೂಲು ಕೆಡಿಸಿದರೆ ಮತ್ತೆ ಕಂಡಿಕೆ ಸುತ್ತುವ ಮೂಲೆಗೇ ಎಂದು ಮಾಲೀಕರು ಮೊದಲೇ ಹೇಳಿದ್ದರು.

ಮಾಲೀಕರು ಹೊಸ ಮಗ್ಗದ ಗುಂಡಿ, ದೀಪಗಳನ್ನು ಒಂದೊಂದಾಗಿ ತೋರಿಸಿ, ತಿಳಿದವರು ಕೈ ಎತ್ತಿ ಎಂದರು. ಎಲ್ಲರೂ ಮಗ್ಗ ರಿಪೇರಿಯ ಹಿರಿಯನ ಕಡೆ ನೋಡಿದರು. ಅವನ ಕೈ ಎದ್ದಿತು, ಆಮೇಲೆ ಉಳಿದವರದು. ಸುತ್ತ ಕೂತಿದ್ದರೂ ಆ ವೃತ್ತಕ್ಕೂ ಒಂದು ತಲೆ ಇತ್ತು.

ಗೆಳತಿ ನನ್ನ ಕಿವಿಗೆ ಬಾಗಿದಳು. ಆದರೆ ಮಗ್ಗದ ಸದ್ದಿನಲ್ಲಿ ಬೆಳೆದ ನಮಗೆ ಪಿಸುಗುಡಲು ಬರುವುದಿಲ್ಲ. ಮನೆಯಲ್ಲೂ ನಾವು ಕೂಗಿಯೇ ಮಾತಾಡುತ್ತೇವೆ.

"ನನಗೇನೂ ತಿಳೀಲಿಲ್ಲ ಬೇ!"

ನಿಂತ ಮಗ್ಗಗಳ ನಡುವೆ ಆ ಮಾತು ಗೋಡೆಗೆ ಬಡಿದು ಬಂತು. ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಉಳಿದೋರಿಗೆ ತಿಳಿದೈತಲ್ಲ ಯವ್ವಾ," ಎಂದರು ಮಾಲೀಕರು. "ಹೆಚ್ಚು ಕೈ ಎದ್ದಾವು. ಮುಂದ ಹೋಗೂಣು."

"ಎದ್ದಾವ್ರಿ. ಆದ್ರ ಸೋಮವಾರ ಆ ಮಗ್ಗದ ಮುಂದ ನಿಂದ್ರಾಕಿ ನಾ ಒಬ್ಬಾಕಿರಿ. ಈ ಎದ್ದ ಕೈಯೊಳಗ ಒಂದೂ ಅಲ್ಲಿಗಿ ಬರೂದಿಲ್ಲ."

ನಗು ನಿಂತಿತು. ಆಗ ಎಲ್ಲ ಕೈಗಳೂ ಒಟ್ಟಿಗೇ ಕೆಳಗಿಳಿದವು ಎನ್ನುತ್ತದೆ ನನ್ನ ನೆನಪು. ನಾನದನ್ನು ನಂಬುವುದಿಲ್ಲ. ಖಾತ್ರಿಯಿಂದ ಹೇಳಬಲ್ಲದ್ದು ಆ ಹಿರಿಯನ ಮಾತು ಮಾತ್ರ:

"ಕೆಂಪ ದೀಪ ಯಾಕ ಹತ್ತತೈತಿ, ನನಗೂ ಇನ್ನೊಮ್ಮೆ ಹೇಳ್ರಿ."

ಅವಳಿಗಾಗಿ ಕೇಳಿದನೋ, ನಿಜವಾಗಿ ಗೊತ್ತಿರಲಿಲ್ಲವೋ, ತಿಳಿಯದು. ಮಾಲೀಕರು ಮೇಲೆದ್ದು, ಗೆಳತಿಯನ್ನು ಹೊಸ ಮಗ್ಗದ ಹತ್ತಿರ ಕರೆದು, "ಬಾರವ್ವ, ನೀನ ಒತ್ತು," ಎಂದರು.

ಒತ್ತಿದಳು. ಕೆಂಪು ದೀಪ ಹತ್ತಿತು. ಈ ಸಲ ಯಾರೂ ನಗಲಿಲ್ಲ.

"ಯಾಕ?" ಎಂದಳು, ಅದೇ ದೊಡ್ಡ ದನಿಯಲ್ಲಿ.

ಮಾಲೀಕರು ಮತ್ತೆ ಮೊದಲ ಗುಂಡಿಯಿಂದ ಶುರುಮಾಡಿದರು.