ಅವಳ ಹದಿನಾರು ಜಿಬಿ

ಹೊಸ ಕಂಪ್ಯೂಟರ್ ನನ್ನ ಮೇಜಿಗೆ ಬರಬೇಕು ಅಂತ ನಾನು ಒಂದು ವರ್ಷ ವಾದ ಮಾಡಿದ್ದೆ. ವಾದ ಅಂದರೆ ಗೊಣಗಾಟವಲ್ಲ. ಹಾನಗಲ್ಲಿನ ಕಾಲೇಜಿನಲ್ಲಿದ್ದಾಗ ಹಿರೇಕೆರೂರಿನವರೆಗೂ ಹೋಗಿ ಚರ್ಚಾಸ್ಪರ್ಧೆಯ ಕಪ್ ತಂದವನು ನಾನು. ನನ್ನ ಅಂಶಗಳು, ಅವುಗಳಿಗೆ ಬರಬಹುದಾದ ಆಕ್ಷೇಪ, ಆಕ್ಷೇಪಕ್ಕೆ ಉತ್ತರ, ಎಲ್ಲ ಜೋಡಿಸಿಕೊಂಡೇ ಮಾಲಕರ ಮುಂದೆ ನಿಲ್ಲುತ್ತಿದ್ದೆ. ಶಿಗ್ಗಾಂವಿಯಲ್ಲಿ ಅವರದು ಫೋಟೊ ಸ್ಟುಡಿಯೊ. ಮದುವೆ ಆಲ್ಬಮ್ಮಿನ ಪುಟ ಜೋಡಿಸುವುದು ನನ್ನ ಕೆಲಸ. ನಾವು ಅವರನ್ನು ಕಾಕಾ ಅನ್ನುತ್ತೇವೆ. ಕಾಕಾ ಪ್ರತಿ ಸಲ ಪೂರ್ತಿ ಕೇಳಿ, ನೀ ಹೇಳೂದು ಖರೇ ಐತಿ ಅಂದು, ಚಹಾ ತರಿಸುತ್ತಿದ್ದರು.

ಕಂಪ್ಯೂಟರ್ ಬಂತು. ಅದೇ ವಾರ ಸವಣೂರಿನಿಂದ ಒಬ್ಬ ಹುಡುಗಿಯೂ ಕೆಲಸಕ್ಕೆ ಬಂದಳು. ಕಂಪ್ಯೂಟರ್ ಹೋಗಿ ಅವಳ ಮೇಜಿನ ಮೇಲೆ ಕೂತಿತು. ನಾನು ಹಳೆಯದರಲ್ಲಿ ಪಳಗಿದವನಂತೆ, ಅವಳು ಹೊಸಬಳಂತೆ, ಹಳೆಯದು ಕೊಟ್ಟರೆ ಓಡಿಹೋಗುತ್ತಾಳಂತೆ. ಇದು ಯಾವ ತರ್ಕ? ಓಡಿಹೋಗದೆ ಉಳಿದವನಿಗೆ ಶಿಕ್ಷೆ, ಓಡಿಹೋಗಬಹುದಾದವಳಿಗೆ ಬಹುಮಾನ.

ನನ್ನದರಲ್ಲಿ ನಾಲ್ಕು ಜಿಬಿ ರ‍್ಯಾಮ್, ಅವಳದರಲ್ಲಿ ಹದಿನಾರು. ಒಂದು ವರ್ಷ ನಾನು ಕೇಳಿದ್ದು ಈ ಮೆಮರಿಯನ್ನೇ. ನನ್ನದು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತಿತ್ತು. ಅವಳದು ಚಾಲೂ ಇದೆಯೋ ಇಲ್ಲವೋ ಅಂತ ಬಗ್ಗಿ ನೋಡಬೇಕು. ದಿನಕ್ಕೆ ಎಷ್ಟು ಸಲ ಬಗ್ಗಿ ನೋಡಿದೆನೋ ಲೆಕ್ಕ ಇಟ್ಟಿಲ್ಲ. ಅವಳು ಬೆಳಿಗ್ಗೆ ಪರದೆಯನ್ನು ಮೆತ್ತನೆ ಬಟ್ಟೆಯಿಂದ ಒರೆಸುವಾಗ ನನ್ನ ಪರದೆಯ ಮೇಲಿನ ಧೂಳು ಇನ್ನಷ್ಟು ಎದ್ದು ಕಾಣುತ್ತಿತ್ತು. ಒರೆಸಬಹುದಿತ್ತು. ಒರೆಸಲಿಲ್ಲ.

ಆದರೆ ಎರಡೂ ಕಂಪ್ಯೂಟರಿನಲ್ಲಿ ಓಡುತ್ತಿದ್ದ ಫೋಟೊ ಪ್ರೋಗ್ರಾಮ್ ಮಾತ್ರ ಒಂದೇ, ಬಹಳ ಹಳೆಯದು. ಮುಖದ ಕಲೆ ಅಳಿಸುವ ಸಾಧನ, ಕನ್ನಡ ಅಕ್ಷರಗಳು, ಕಾಕಾ ವರ್ಷಗಟ್ಟಲೆ ಕೂಡಿಸಿದ ಹೂಬಳ್ಳಿಯ ಅಂಚುಗಳು, ಎಲ್ಲ ಅದರೊಳಗೆ ಮಾತ್ರ ಕೆಲಸ ಮಾಡುತ್ತಿದ್ದುದರಿಂದ ಅವರು ಅದನ್ನು ಬಿಡಲು ಒಪ್ಪುತ್ತಿರಲಿಲ್ಲ.

ಸೋಮವಾರ ಅವಳ ಕೈಗೆ ಹಿರೇಬೆಂಡಿಗೇರಿಯ ಒಂದು ಮನೆತನದ ಪುಟ ಬಂತು. ಮಗಳನ್ನು ರಟ್ಟೀಹಳ್ಳಿಗೆ ಕೊಟ್ಟಿದ್ದರು. ಗುರುವಾರ ಬಂದು ಆಲ್ಬಮ್ ಒಯ್ಯುವವರಿದ್ದರು. ನಡುವಿನ ಅಗಲ ಪುಟದಲ್ಲಿ ಇಡೀ ಬಳಗ ನಿಲ್ಲಬೇಕು. ಮದುವೆಗೆ ಬಂದವರಷ್ಟೇ ಅಲ್ಲ. ಬಾಣಂತನದಲ್ಲಿದ್ದ ಅತ್ತೆ, ಮಿಲಿಟರಿಯಲ್ಲಿದ್ದ ಮಾವ, ತೀರಿಕೊಂಡ ಅಜ್ಜ, ಎಲ್ಲರನ್ನೂ ಬೇರೆ ಬೇರೆ ಫೋಟೊದಿಂದ ಕತ್ತರಿಸಿ ತಂದು ನಿಲ್ಲಿಸಬೇಕು. ಪ್ರತಿಯೊಬ್ಬರೂ ಒಂದೊಂದು ಬೇರೆ ಪದರ, ಅಂದರೆ ಲೇಯರ್; ಒಬ್ಬರನ್ನು ಇನ್ನೊಬ್ಬರಿಗೆ ಬೆಸೆಯಕೂಡದು ಅನ್ನುವುದು ಕಾಕಾರ ಕಟ್ಟಳೆ. ಯಾಕೆಂದರೆ ಕೊನೆಗೆ ಯಾರಾದರೂ ಬಂದು, "ಸಣ್ಣವ್ವನ್ನ ದೊಡ್ಡವ್ವನ ಬಾಜೂ ನಿಂದ್ರಸಬ್ಯಾಡ್ರಿ, ಇಬ್ಬರಿಗೂ ಮಾತಿಲ್ಲ," ಅಂದೇ ಅನ್ನುತ್ತಾರೆ. ಆಗ ಸಣ್ಣವ್ವನನ್ನು ಎತ್ತಿ ಆಚೆ ಇಡಬೇಕು.

ಅವಳು ಎಲ್ಲರನ್ನೂ ಒಂದೇ ಫೈಲಿನಲ್ಲಿ ನಿಲ್ಲಿಸುತ್ತ ಹೋದಳು. ನಲವತ್ತು ಜನ ದಾಟಿದ ಮೇಲೆ ಕಂಪ್ಯೂಟರ್ ತೆವಳತೊಡಗಿತು. ಒಂದು ಮುಖ ಸರಿಸಿದರೆ ಚಹಾ ಕುಡಿದು ಬರುವಷ್ಟು ಹೊತ್ತು. ಕೊನೆಗೆ ಮೆಮರಿ ಸಾಲದು ಅನ್ನುವ ಸಂದೇಶ, ಅಷ್ಟೇ. ಮಾಡಿದ ಕೆಲಸವೂ ಹೋಯಿತು. ಮಂಗಳವಾರವೂ ಹಾಗೆಯೇ. ನಿಮ್ಮದರಲ್ಲಿ ಹೇಗೆ ಆಗುತ್ತದೆ ಅಂತ ಅವಳು ನನ್ನನ್ನು ಕೇಳಿದಳು. ರೂಢಿ ಅಂದೆ.

ನನಗೆ ಕಾರಣ ಗೊತ್ತಿತ್ತು. ಆ ಪ್ರೋಗ್ರಾಮ್ ಮೂವತ್ತೆರಡು ಬಿಟ್ಟಿನದು, ಕಂಪ್ಯೂಟರ್ ಅರವತ್ನಾಲ್ಕರದು. ನಾಲ್ಕು ಜಿಬಿಯ ಆಚೆ ಜಾಗ ಇದೆ ಅನ್ನುವುದೇ ಆ ಪ್ರೋಗ್ರಾಮಿಗೆ ತಿಳಿಯುವುದಿಲ್ಲ. ಹದಿನಾರಲ್ಲ, ಅರವತ್ತು ಹಾಕಿದರೂ ಉಳಿದದ್ದು ಅದರ ಪಾಲಿಗೆ ಬೀಗ ಹಾಕಿದ ಕೋಣೆ. ನನ್ನದರಲ್ಲಿ ಜಾಗವೇ ಕಡಿಮೆ ಇದ್ದುದರಿಂದ ನಾನು ಮೊದಲಿನಿಂದಲೂ ಎಡ, ನಡು, ಬಲ ಅಂತ ಪುಟವನ್ನು ಮೂರು ಫೈಲು ಮಾಡಿ, ಕಡೆಗೆ ಅವುಗಳ ಬೆಸೆದ ನಕಲನ್ನಷ್ಟೇ ಕೂಡಿಸುತ್ತಿದ್ದೆ. ಇದನ್ನು ಹೇಳಲು ಒಂದು ನಿಮಿಷ ಸಾಕಾಗಿತ್ತು.

ಕಾಕಾ ಮಂಗಳವಾರ ಸಂಜೆ ಹೊಸ ಕಂಪ್ಯೂಟರಿಗೆ ಲಿಂಬೆಹಣ್ಣು ನಿವಾಳಿಸಿದರು. ಯಾರದೋ ಕಣ್ಣು ಬಿದ್ದಿದೆಯಂತೆ. ಇಂಥದ್ದಕ್ಕೆ ಪುರಾವೆ ಎಲ್ಲಿ ಅಂತ ಬೇರೆ ದಿನವಾಗಿದ್ದರೆ ಬೆನ್ನು ಹತ್ತುತ್ತಿದ್ದೆ. ಅವತ್ತು ಸುಮ್ಮನಿದ್ದೆ, ಕಣ್ಣು ನನ್ನದೇ ಆಗಿತ್ತು.

ಆಮೇಲೆ ಅವರು ಅವಳಿಗೆ ಹೇಳಿದರು: "ನಾಳೆ ಮಧ್ಯಾಹ್ನದೊಳಗ ಆಗಲಿಲ್ಲಂದ್ರ ನೀ ಸವಣೂರಿಗೆ ಹೋಗವ್ವಾ. ಈ ಮಷೀನ್‌ಗೆ ಇಂವ ಕುಂದರ್ತಾನ."

ಆ ರಾತ್ರಿ ಹಾನಗಲ್ಲಿನ ಬಸ್ಸಿನಲ್ಲಿ ನನ್ನೊಳಗೆ ಚರ್ಚೆ ನಡೆಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಆ ಕಂಪ್ಯೂಟರನ್ನು ನನ್ನ ಮೇಜಿನ ಯಾವ ಬದಿಗೆ ಇಡಬೇಕು ಅಂತ ಯೋಚಿಸುತ್ತ ಹೋದೆ.

ಬುಧವಾರ ಹನ್ನೊಂದಕ್ಕೆ ಅದು ಮತ್ತೆ ನಿಂತಿತು. ಅವಳು ಅಳಲಿಲ್ಲ, ಕೈ ಮಡಿಚಿಕೊಂಡು ಪರದೆಯನ್ನೇ ನೋಡುತ್ತ ಕೂತಳು. ಕಾಕಾ ನನ್ನ ಕಡೆ ತಿರುಗಿದರು.

"ನೀ ಓದಿದಾಂವ, ನೀನ ಹೇಳಪಾ. ತಪ್ಪು ಮಷೀನ್ದೋ, ಇಕಿದೋ?"

ಇಂಥ ಪ್ರಶ್ನೆ ಕಂಡರೆ ನನಗೆ ಮೈ ಉರಿಯುತ್ತದೆ. ಎರಡೇ ದಾರಿ ಇಟ್ಟು, ಎರಡೂ ತಪ್ಪಾಗಿರುವುದು. "ಎರಡೂ ಅಲ್ಲರಿ ಕಾಕಾ," ಅಂದುಬಿಟ್ಟೆ. ಒಳ್ಳೆಯತನದಿಂದ ಅಲ್ಲ, ಚಟದಿಂದ. ಅಂದ ಮೇಲೆ ಸಾಧಿಸದೆ ಬಿಡುವ ಹಾಗಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆದು ಪ್ರೋಗ್ರಾಮಿನ ಹೆಸರಿನ ಮುಂದೆ ಇದ್ದ ಮೂವತ್ತೆರಡು ಬಿಟ್ ಅನ್ನುವುದನ್ನು ತೋರಿಸಿದೆ. ಹತ್ತು ಜಿಬಿಗೂ ಹೆಚ್ಚು ಖಾಲಿ ಬಿದ್ದದ್ದನ್ನು ತೋರಿಸಿದೆ. ಮೂರು ಫೈಲಿನ ಉಪಾಯವನ್ನೂ ಹೇಳಿದೆ. ಇಷ್ಟು ಬಿಗಿಯಾದ ವಾದವನ್ನು ನಾನು ಯಾವ ಸ್ಪರ್ಧೆಯಲ್ಲೂ ಮಂಡಿಸಿರಲಿಲ್ಲ.

ಕಾಕಾ ಎಂದಿನಂತೆ ಪೂರ್ತಿ ಕೇಳಿದರು. "ಅಂದ್ರ ಈ ಕೆಲಸಕ್ಕ ನಾಲ್ಕಿದ್ರೂ ಅಷ್ಟ, ಹದಿನಾರಿದ್ರೂ ಅಷ್ಟ?"

ಹೌದು ಅಂದೆ.

"ಹಂಗಾದ್ರ ನಿನಗ ಹೊಸಾದು ಯಾಕ ಬೇಕಪಾ?"

ಉತ್ತರ ಇತ್ತು: ಪ್ರೊಸೆಸರ್ ಬೇರೆ, ಡಿಸ್ಕ್ ಬೇರೆ. ಆದರೆ ಒಂದು ವರ್ಷ ನಾನು ಕಟ್ಟಿದ ವಾದವೆಲ್ಲ ಮೆಮರಿಯ ಮೇಲೆಯೇ ನಿಂತಿತ್ತು. ಅದನ್ನು ನಾನೇ ಕೆಡವಿದ್ದೆ. ಕಾಕಾ ನಗುತ್ತ ಹೊರಗೆ ಹೋದರು.

ಅವಳು ಪುಟವನ್ನು ಮೂರು ಮಾಡುತ್ತಿದ್ದಳು. ತಿರುಗಿ ನೋಡದೆ ಕೇಳಿದಳು: "ಯಾವಾಗಿಂದ ಗೊತ್ತಿತ್ತರಿ ಅಣ್ಣಾ, ನಿಮಗ?"

"ಸೋಮವಾರದಿಂದ."

ಅವಳು ಬಲಗಡೆಯ ಫೈಲಿನಲ್ಲಿ ಅಜ್ಜನನ್ನು ಹಿಡಿದು ಮೊಮ್ಮಗಳ ಹಿಂದಕ್ಕೆ ಸರಿಸಿದಳು. ತಡೆಯಿಲ್ಲದೆ, ಸದ್ದಿಲ್ಲದೆ ಸರಿದ. ನನ್ನದರಲ್ಲಾದರೆ ಆತ ಎರಡು ಸಲ ನಿಂತು ನಿಂತು ಸರಿಯುತ್ತಿದ್ದ. ಅದನ್ನು ಕಂಡು ನನಗೆ ಮತ್ತೆ ಹೊಟ್ಟೆ ಉರಿಯಿತು.