ಮಿಲ್ಲಿನ ಸದ್ದಿನಲ್ಲಿ ಹೇಳಿದ ಮಾತು

ಮೊನ್ನೆ ಚಾಮರಾಜನಗರದಲ್ಲಿ ಗುಂಡ್ಲುಪೇಟೆ ಬಸ್ಸು ಹತ್ತಿ ಕೂತಿದ್ದೆ. ತೆರಕಣಾಂಬಿಯಲ್ಲಿ ಒಬ್ಬ ಹೆಂಗಸು ಹತ್ತಿ, ಕಂಕುಳಲ್ಲಿದ್ದ ಬಟ್ಟೆಚೀಲವನ್ನು ನನ್ನ ಕಾಲಿನ ಪಕ್ಕ ಇಟ್ಟು ಕೂತಳು. ಸ್ವಲ್ಪ ಹೊತ್ತಿಗೆ ನನ್ನ ಪಾದಕ್ಕೆ ಬಿಸಿ ತಾಗಿತು. ಬಗ್ಗಿ ನೋಡಿದರೆ ರಾಗಿ ಹಿಟ್ಟು, ಆಗತಾನೇ ಮಿಲ್ಲಿನಿಂದ ಬಂದದ್ದು. ಆ ವಾಸನೆ ಮೂಗಿಗೆ ಬಡಿದು ಎಷ್ಟು ವರ್ಷವಾಗಿತ್ತೋ... ನಾನೂ ಈಗ ಪ್ಯಾಕೆಟ್ ಹಿಟ್ಟೇ ತರುವುದು, ಸುಳ್ಳೇಕೆ ಹೇಳಲಿ. ಪ್ಯಾಕೆಟ್ ಹಿಟ್ಟಿಗೆ ವಾಸನೆಯೂ ಇಲ್ಲ, ಬಿಸಿಯೂ ಇಲ್ಲ. ಪಾದ ಹಿಂದಕ್ಕೆ ತೆಗೆಯಲು ಮನಸ್ಸಾಗಲಿಲ್ಲ. ನಮ್ಮ ಬೀದಿಯ ಮಿಲ್ಲಮ್ಮ ನೆನಪಾದರು.

ಅವರ ಸ್ವಂತ ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಮದುವೆಯಾಗಿ ನಾನು ಚಾಮರಾಜನಗರಕ್ಕೆ ಬಂದಾಗಲೇ ಅವರು ಎಲ್ಲರಿಗೂ ಮಿಲ್ಲಮ್ಮ. ಗಂಡ ಹಾಕಿಸಿದ್ದ ಹಿಟ್ಟಿನ ಮಿಲ್ಲನ್ನು ಆತ ಹೋದ ಮೇಲೆ ಒಬ್ಬರೇ ನಡೆಸುತ್ತಿದ್ದರು. ತಲೆಗೆ ಟವೆಲ್ ಬಿಗಿದು, ರೆಪ್ಪೆಯ ತುದಿಗೂ ಹಿಟ್ಟು ಮೆತ್ತಿಕೊಂಡು ನಿಂತರೆ ವಯಸ್ಸು ಎಷ್ಟು ಎಂದು ಹೇಳಲು ಆಗುತ್ತಿರಲಿಲ್ಲ. ಡಬ್ಬಗಳು ಅದಲುಬದಲಾಗಬಾರದು ಎಂದು ಪ್ರತಿ ಮನೆಯ ಡಬ್ಬದ ಹಿಡಿಗೂ ಒಂದೊಂದು ಬಣ್ಣದ ಬಟ್ಟೆಚೂರು ಕಟ್ಟಿದ್ದರು. ನಮ್ಮದಕ್ಕೆ ಹಳದಿ. ಮಿಷಿನ್ನಿನ ಪಕ್ಕ ನಿಂತು ನಿಂತು ಅವರ ಕಿವಿ ಮಂದವಾಗಿತ್ತು, ಅದು ಬೀದಿಗೆಲ್ಲ ಗೊತ್ತಿದ್ದ ಸಂಗತಿ. ಮಾತು ಕಡಿಮೆ. ಯಾರಾದರೂ ಮಾತಾಡಿದರೆ ಮುಖವನ್ನೇ ದಿಟ್ಟಿಸಿ ನೋಡುತ್ತಿದ್ದರು. ಹೊಸ ಸೊಸೆಯಾಗಿದ್ದ ನನಗೆ, ಇದೇನಪ್ಪ ಈ ಯಮ್ಮ ಹೀಗೆ ನುಂಗೋ ಹಾಗೆ ನೋಡ್ತಾರೆ ಎಂದು ಗಾಬರಿಯೇ ಆಗಿತ್ತು.

ರಾಗಿ ಕೊಟ್ಟ ಕೂಡಲೇ ಅವರು ಮಿಷಿನ್ನಿನ ಮೇಲಿನ ಬಾಯಿಗೆ, ಅಂದರೆ ಹಾಪರಿಗೆ, ಸುರಿಯುತ್ತಿರಲಿಲ್ಲ. ಮೊದಲು ಬಲಗೈಯನ್ನು ಮಣಿಕಟ್ಟಿನವರೆಗೂ ರಾಗಿಯೊಳಗೆ ಇಳಿಸಿ ಒಂದು ಸುತ್ತು ತಿರುಗಿಸುತ್ತಿದ್ದರು. ಕಲ್ಲು ಸಿಕ್ಕರೆ ಮಿಷಿನ್ನಿಗೆ ಪೆಟ್ಟು ಎಂದು ಹಾಗೆ ಮಾಡುತ್ತಾರೆ ಎಂದುಕೊಂಡಿದ್ದೆ. ಅದು ಅರ್ಧ ನಿಜ. ಯಾವ ಮನೆಯ ರಾಗಿ ಸರಿಯಾಗಿ ಕೇರಿಲ್ಲ, ಯಾರದು ತೊಳೆದು ಒಣಗಿಸಿಲ್ಲ, ಐದು ಸೇರು ತರುತ್ತಿದ್ದವರು ಯಾವ ವಾರದಿಂದ ಮೂರು ತರುತ್ತಿದ್ದಾರೆ, ಎಲ್ಲ ಆ ಕೈಗೆ ಗೊತ್ತಾಗುತ್ತಿತ್ತು. ಒಮ್ಮೆ ನಮ್ಮ ಪಕ್ಕದ ಮನೆಯ ಗಂಡಸು ಡಬ್ಬ ಕೊಡುವಾಗ ಅವನ ಕೈ ನಡುಗಿದ್ದನ್ನು ನೋಡಿ, ರಾಗಿ ಬೀಸದೆ ಅವನನ್ನೇ ಆಸ್ಪತ್ರೆಗೆ ಅಟ್ಟಿದ್ದರು. ಬಿಪಿ ಏರಿತ್ತಂತೆ. ಅಣ್ಣತಮ್ಮಂದಿರ ಜಮೀನಿನ ಜಗಳವನ್ನು ಅವನು ಎದೆಯಲ್ಲಿಟ್ಟುಕೊಂಡು ತಿರುಗುತ್ತಿದ್ದುದು ಆಮೇಲೆ ನಮಗೆಲ್ಲ ತಿಳಿಯಿತು.

ಇನ್ನು ನನ್ನ ಕತೆ. ನನಗೆ ಒಬ್ಬಳೇ ಅಕ್ಕ. ಅವ್ವ ಬೇಗ ಹೋದಳು, ನನ್ನನ್ನು ಎತ್ತಿ ಆಡಿಸಿ, ತಲೆ ಬಾಚಿ, ಬೈದು ಬೆಳೆಸಿದವಳು ಅಕ್ಕನೇ. ಅವಳನ್ನು ಗುಂಡ್ಲುಪೇಟೆಗೆ ಕೊಟ್ಟಿತ್ತು. ನಾನಾಗ ಬದನಗುಪ್ಪೆಯ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಿದ್ದೆ, ಈಗಲೂ ಅಲ್ಲೇ ಇದ್ದೇನೆ. ಒಳಗೆ ಹೋಗುವ ಮೊದಲು ಫೋನನ್ನು ಲಾಕರಿನಲ್ಲಿ ಇಡಬೇಕು, ಅದು ಎಲ್ಲರಿಗೂ ಒಂದೇ ನಿಯಮ. ಆ ದಿನ ಬೆಳಿಗ್ಗೆ ಕಂಪನಿ ವ್ಯಾನು ಬಂದು ಹಾರನ್ ಹೊಡೆಯುತ್ತಿತ್ತು, ಒಂದು ಕೈಯಲ್ಲಿ ಡಬ್ಬಿ, ಒಂದು ಕೈಯಲ್ಲಿ ಛತ್ರಿ. ಅಕ್ಕನ ಫೋನು ಬಂತು. ಅವಳು ಫೋನ್ ಮಾಡಿದರೆ ಅರ್ಧ ಗಂಟೆಗೆ ಕಡಿಮೆ ಇಲ್ಲ. ಊಟದ ಹೊತ್ತಿಗೆ ಮಾಡೋಣ ಎಂದು ಕಟ್ ಮಾಡಿದೆ. ಊಟದ ಹೊತ್ತಿಗೆ ಲಾಕರಿನ ಹತ್ತಿರ ಹೋಗಲೂ ಇಲ್ಲ, ಗೆಳತಿಯರ ಜೊತೆ ಹರಟುತ್ತಾ ಕೂತೆ...

ಸಂಜೆ ಫೋನ್ ತೆಗೆದರೆ ಇಪ್ಪತ್ತಕ್ಕೂ ಹೆಚ್ಚು ಮಿಸ್ಡ್ ಕಾಲು. ಅಕ್ಕನಿಗೆ ಬೆಳಿಗ್ಗೆಯೇ ಎದೆನೋವು ಬಂದಿತ್ತು. ಭಾವ ತರಕಾರಿ ಗಾಡಿಯಲ್ಲಿ ಸುಲ್ತಾನ್ ಬತ್ತೇರಿಗೆ ಹೋಗಿದ್ದರು, ಮಗಳು ಶಾಲೆಯಲ್ಲಿದ್ದಳು. ಆಸ್ಪತ್ರೆಯಲ್ಲಿ ಅಕ್ಕನ ಬಾಯಿಗೆ ಕೊನೆಯ ನೀರು ಬಿಟ್ಟವಳು ಪಕ್ಕದ ಮನೆಯಾಕೆ. ನನ್ನ ಹೆಸರು ಎರಡು ಸಲ ಕರೆದಳಂತೆ. ನಾನು ಹೋದಾಗ ಎಲ್ಲರೂ ನನ್ನ ಕಡೆ ತಿರುಗಿದರು, ಯಾರೋ ಯಾಕವ್ವ ಫೋನೆತ್ತಲಿಲ್ಲ ಎಂದರು. ಫೋನು ಲಾಕರಿನಲ್ಲಿತ್ತು ಎಂದೆ. ಅಕ್ಕನ ಮಗಳು ಓಡಿ ಬಂದು ನನ್ನನ್ನು ತಬ್ಬಿಕೊಂಡಳು, ಚಿಕ್ಕವ್ವನದು ಏನು ತಪ್ಪು, ಫೋನು ಲಾಕರಿನಲ್ಲಿತ್ತಂತೆ ಎಂದು ಬಂದವರಿಗೆಲ್ಲ ಅವಳೇ ಹೇಳಿದಳು.

ನಾನು ಅಳಲಿಲ್ಲ. ಅಳುವುದಕ್ಕೆ ನನಗೆ ಹಕ್ಕಿಲ್ಲ ಅನಿಸಿಬಿಟ್ಟಿತ್ತು. ಶಾಮಿಯಾನ, ಅಡಿಗೆ, ನೆಂಟರ ಕಾಫಿ, ಮೂರನೇ ದಿನದ ಹಾಲುತುಪ್ಪ, ಹನ್ನೊಂದನೇ ದಿನದ ತಿಥಿ, ಎಲ್ಲವನ್ನೂ ಮುಂದೆ ನಿಂತು ಮಾಡಿಸಿದೆ. ಏನ್ ಗಟ್ಟಿಗಿತ್ತಿ ಕಣಪ್ಪ ಎಂದು ಜನ ಹೊಗಳಿದರು. ಹದಿಮೂರನೇ ದಿನಕ್ಕೆ ಡ್ಯೂಟಿಗೂ ಹೋದೆ. ಹೊಗಳಿಕೆ ಕೇಳಿ ಒಳಗೊಳಗೇ ಮೈ ಉರಿಯುತ್ತಿತ್ತು.

ಅದಾದ ತಿಂಗಳಿಗೆ ಗಂಟಲು ಕಟ್ಟಿತು. ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುವುದು. ನುಂಗಲು ಹೋದರೆ ತುತ್ತು ಗಂಟಲಲ್ಲೇ ನಿಂತು, ಉಸಿರು ಸಿಕ್ಕಿಕೊಂಡು, ಕಣ್ಣಲ್ಲಿ ನೀರು ಬರುತ್ತಿತ್ತು. ಮುದ್ದೆ ಅಗಿಯಲು ಶುರುಮಾಡಿದೆ. ನಮ್ಮತ್ತೆ, ಏನವ್ವ ಪ್ಯಾಟೆಯೋಳಂಗೆ ಅಗೀತಿದ್ದೀಯೆ ಎಂದು ಛೇಡಿಸಿದರು. ಆಮೇಲೆ ಅನ್ನವೂ ಇಳಿಯಲಿಲ್ಲ. ಮೀನಿನ ಮುಳ್ಳು ಸಿಕ್ಕಿರಬೇಕು ಎಂದು ಬಾಳೆಹಣ್ಣು ನುಂಗಿಸಿದರು, ಮೀನು ತಿಂದು ತಿಂಗಳಾಗಿದ್ದರೂ! ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ನಿವಾಳಿಸಿದರು. ನಾಲ್ಕು ತಿಂಗಳಿಗೆ ರವಿಕೆಗಳೆಲ್ಲ ಜೋಲಾಡಿದವು. ಕ್ಯಾನ್ಸರ್ ಎಂದು ನಾನು ತೀರ್ಮಾನ ಮಾಡಿಕೊಂಡಿದ್ದೆ. ಅಕ್ಕನಿಗೆ ಮಾಡಿದ್ದಕ್ಕೆ ಇದೇ ಸರಿ ಎಂದೂ ಅಂದುಕೊಂಡಿದ್ದೆ. ನನ್ನ ಮಗಳಿಗೆ ಆಗ ಏಳು ವರ್ಷ. ಅವಳ ಜಡೆ ಹೆಣೆಯುವಾಗ, ಇನ್ನು ಇದನ್ನು ಯಾರು ಹೆಣೆಯುತ್ತಾರೋ ಎಂದು ಕೈ ನಿಂತುಹೋಗುತ್ತಿತ್ತು.

ಅಂಥ ಒಂದು ದಿನ ಮೂರು ಸೇರು ರಾಗಿ ತೆಗೆದುಕೊಂಡು ಮಿಲ್ಲಿಗೆ ಹೋದೆ. ಮಿಲ್ಲಮ್ಮ ಡಬ್ಬದೊಳಗೆ ಕೈ ಇಳಿಸಿದರು, ತಿರುಗಿಸಿದರು, ಎರಡು ಕಲ್ಲು ತೆಗೆದು ನನ್ನ ಅಂಗೈ ಮೇಲಿಟ್ಟರು.

“ನಿಮ್ಮನೇಲಿ ಯಾರ್ ಉಣ್ತಿಲ್ಲ?” ಎಂದರು.

ಎಲ್ಲರೂ ಉಣ್ತಾರೆ ಎಂದೆ. ಅವರು ನನ್ನ ಮುಖವನ್ನು ನೋಡಿದರು, ಕತ್ತಿನ ಮೂಳೆ ನೋಡಿದರು. ಮೊದಲು ಮೈಸೂರಿಗೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಿಕೊಂಡು ಬಾ, ಆಮೇಲೆ ನನ್ನ ಹತ್ತಿರ ಬಾ ಎಂದರು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಹಿಟ್ಟಿನ ಮಿಲ್ಲಿನಲ್ಲಿ ಕಾಯಿಲೆ ವಾಸಿಯಾಗುತ್ತೆ ಎಂದು ನಾನು ಹೇಳಿದ ಹಾಗೆ ಯಾರೂ ತಿಳಿಯಬಾರದು. ಮೈಸೂರಿನಲ್ಲಿ ಗಂಟಲಿಗೆ ಕೊಳವೆ ಬಿಟ್ಟು ನೋಡಿದರು. ಗಡ್ಡೆ ಇಲ್ಲ, ಹುಣ್ಣಿಲ್ಲ, ಎಲ್ಲ ಸರಿಯಾಗಿದೆ ಎಂದರು. ಮನಸ್ಸಿಗೆ ಏನಾದರೂ ಪೆಟ್ಟು ಬಿದ್ದಿದೆಯಾ, ದುಃಖವನ್ನು ಒಳಗೇ ಅದುಮಿಟ್ಟರೆ ಗಂಟಲಿನ ಸ್ನಾಯು ಹೀಗೆ ಬಿಗಿಯುವುದುಂಟು, ಇದು ನಾಟಕವಲ್ಲ, ನಿಜವಾದ ತೊಂದರೆಯೇ ಎಂದು ಆ ಡಾಕ್ಟರು ಸಮಾಧಾನವಾಗಿ ಹೇಳಿದರು. ನನಗೆ ರೇಗಿತು. ನನಗೇನು ಹುಚ್ಚು ಹಿಡಿದಿದೆಯಾ ಎಂದು ಕೇಳಿಯೇಬಿಟ್ಟೆ. ಪಾಪ, ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಮಾತ್ರೆ ಬರೆದು, ಯಾರ ಹತ್ತಿರವಾದರೂ ಮನಸ್ಸು ಬಿಚ್ಚಿ ಮಾತಾಡಿ ಎಂದು ಕಳಿಸಿದರು. ಯಾರ ಹತ್ತಿರ ಮಾತಾಡಲಿ? ಗಂಡನಿಗೆ ಹೇಳಿದರೆ ಭಾವನಿಗೆ ಮುಟ್ಟುತ್ತೆ, ಭಾವನಿಗೆ ಮುಟ್ಟಿದರೆ ಆ ಮಗುವಿಗೆ ಮುಟ್ಟುತ್ತೆ.

ಭಾನುವಾರ ಮಧ್ಯಾಹ್ನ ಮಿಲ್ಲಮ್ಮನ ಹತ್ತಿರ ಹೋದೆ. ಆ ಹೊತ್ತಿಗೆ ಅಲ್ಲಿ ಜನ ಇರುವುದಿಲ್ಲ. ನನ್ನನ್ನು ಹಾಪರಿನ ಎದುರಿಗೆ ಒಂದು ಮೂಟೆಯ ಮೇಲೆ ಕೂರಿಸಿದರು.

“ನಾನ್ ಮಿಷಿನ್ ಬುಡ್ತೀನಿ. ಅದು ಓಡೋಗಂಟ ಒಳಗೇನದೋ ಬಾಯ್ಬುಟ್ಟು ಯೋಳ್ಬುಡು ಕಣಮ್ಮಿ. ಬೀದಿಗ್ ಕೇಳಕ್ಕಿಲ್ಲ. ನನ್ ಕಿವಿ ಕತೆ ನಿಂಗೇ ಗೊತ್ತು.”

ಮಿಷಿನ್ನು ಶುರುವಾಯಿತು. ನೆಲ, ಗೋಡೆ, ನನ್ನ ಹಲ್ಲು ಎಲ್ಲ ಅದುರತೊಡಗಿದವು. ಮೊದಲು ಪೆದ್ದಿಯ ಹಾಗೆ ಕೂತಿದ್ದೆ. ಖಾಲಿ ಗೋಡೆಗೆ ಏನಂತ ಹೇಳುವುದು? ಮಿಲ್ಲಮ್ಮ ರಾಗಿ ತಳ್ಳುತ್ತಾ ನನ್ನ ಕಡೆಗೇ ಮುಖ ಮಾಡಿ ನಿಂತಿದ್ದರು. ನೋಡುತ್ತಿದ್ದಾರಲ್ಲ ಎಂದು ಸಂಕೋಚ, ಕೇಳಿಸುವುದಿಲ್ಲವಲ್ಲ ಎಂದು ಧೈರ್ಯ. ಆಮೇಲೆ ಹೇಗೋ ಬಾಯಿಗೆ ಬಂತು. ಅಕ್ಕ, ನಾನೇ ಕಟ್ ಮಾಡ್ಬುಟ್ಟೆ ಎಂದೆ. ಇನ್ನೊಂದು ಸಲ ಜೋರಾಗಿ ಎಂದೆ. ಫೋನು ಕೈಯಲ್ಲೇ ಇತ್ತು, ಲಾಕರಲ್ಲಿರಲಿಲ್ಲ, ನಿನ್ನ ಬಾಯಿಗೆ ಒಂದು ತೊಟ್ಟು ನೀರು ಬಿಡೋಕಾಗಲಿಲ್ಲ ಎಂದು ಕಿರುಚಿದೆ. ಐದು ತಿಂಗಳ ಅಳು ಒಟ್ಟಿಗೆ ಬಂತು, ಮೂಟೆಯ ಮೇಲೆ ಬಿದ್ದು ಅತ್ತೆ.

ನಮ್ಮ ಡಬ್ಬದ ರಾಗಿ ಯಾವಾಗಲೋ ಮುಗಿದಿತ್ತು. ಮಿಷಿನ್ನು ಬರಿದೇ ಓಡಿದರೆ ಕಲ್ಲು ಕಲ್ಲಿಗೆ ಉಜ್ಜಿ ಸವೆಯುತ್ತದೆ, ಅವರು ಎಂದೂ ಹಾಗೆ ಬಿಟ್ಟವರಲ್ಲ. ನಾನು ತಲೆ ಎತ್ತಿ ನೋಡಿದಾಗ ಮಿಲ್ಲಮ್ಮ ತಮ್ಮ ಮನೆಯ ಮೂಟೆ ಬಿಚ್ಚಿ, ಮೊರದಲ್ಲಿ ಮೊಗೆದು ಮೊಗೆದು ಹಾಪರಿಗೆ ಸುರಿಯುತ್ತಿದ್ದರು. ಮಗಳನ್ನು ಮದುವೆ ಮಾಡಿ ಕೊಟ್ಟ ಮೇಲೆ ಅವರು ಒಂಟಿ ಜೀವ, ಅಷ್ಟು ಹಿಟ್ಟು ಅವರಿಗೆ ಏತಕ್ಕೆ? ನನ್ನ ಅಳು ಮುಗಿಯುವವರೆಗೂ ಸದ್ದು ನಿಲ್ಲಬಾರದು ಎಂದು ಬೀಸುತ್ತಲೇ ಇದ್ದರು. ಅದನ್ನು ನೆನೆಸಿಕೊಂಡರೆ ಇವತ್ತಿಗೂ ನನಗೆ ಅವರ ಕಾಲಿಗೆ ಬೀಳಬೇಕು ಅನಿಸುತ್ತದೆ.

ಆಮೇಲೆ ಮಿಷಿನ್ನು ನಿಲ್ಲಿಸಿದರು. ಒಂದು ಚೊಂಬು ನೀರು ತಂದು ನನ್ನ ಕೈಗಿಟ್ಟರು.

“ನಿಧಾನುಕ್ ಕುಡಿ. ನೀ ಕುಡುದ್ರೆ ನಿಮ್ಮಕ್ಕನ್ ಬಾಯ್ಗೂ ಓಯ್ತದೆ.”

ಕುಡಿದೆ. ಗುಟುಕು ಗುಟುಕಾಗಿ ಇಳಿಯಿತು. ಎಲ್ಲೂ ನಿಲ್ಲಲಿಲ್ಲ.

ಒಂದೇ ದಿನಕ್ಕೆ ಎಲ್ಲ ಸರಿಹೋಯಿತು ಎಂದರೆ ಸುಳ್ಳು. ಮುಂದಿನ ಭಾನುವಾರ, ಅದರ ಮುಂದಿನ ಭಾನುವಾರ, ಹೀಗೆ ಎಷ್ಟೋ ಭಾನುವಾರ ಹೋದೆ. ಕೆಲವು ಸಲ ಅತ್ತೆ, ಕೆಲವು ಸಲ ಅಕ್ಕನನ್ನೇ ಬೈದೆ, ಕೆಲವು ಸಲ ಅವಳಿಗೆ ನನ್ನ ಮಗಳ ತಂಟೆಗಳನ್ನು ಹೇಳಿದೆ. ಮಾತ್ರೆಯನ್ನು ಬಿಡದೆ ನುಂಗುವಂತೆ ಮಿಲ್ಲಮ್ಮ ಗದರುತ್ತಿದ್ದರು. ಮೊದಲು ಅಂಬಲಿ ಇಳಿಯಿತು, ಆಮೇಲೆ ಅನ್ನ. ಮುದ್ದೆ ನುಂಗುವ ಹೊತ್ತಿಗೆ ಚಳಿಗಾಲ ಬಂದಿತ್ತು. ನಮ್ಮತ್ತೆ ಅಂದು ತಟ್ಟೆಯನ್ನೇ ನೋಡುತ್ತಾ ಕೂತು, ಎರಡನೆಯ ಮುದ್ದೆಯನ್ನು ಕೇಳದೆಯೇ ಹಾಕಿದರು. ಆ ವಾರ ಐದು ಸೇರು ರಾಗಿ ಕೊಂಡೊಯ್ದಾಗ ಮಿಲ್ಲಮ್ಮ ಕೈ ಇಳಿಸಿ ನೋಡಿ ತಲೆಯಾಡಿಸಿದರು. ನನ್ನ ಗಂಡನಿಗೂ ಭಾವನಿಗೂ ಅಕ್ಕನ ಮಗಳಿಗೂ ಮಾತ್ರ ನಾನು ಹೇಳಲೇ ಇಲ್ಲ. ಗಂಟಲು ಸರಿಯಾಯಿತಲ್ಲ, ಇನ್ನು ಯಾಕೆ ಎಂದು ಸುಮ್ಮನಾದೆ.

ಹೋದ ವರ್ಷ ಮಿಲ್ಲಮ್ಮ ತೀರಿಕೊಂಡರು. ನಾನು ಡ್ಯೂಟಿಯಲ್ಲಿದ್ದೆ. ಈ ಸಲ ಫೋನು ನಿಜವಾಗಿಯೂ ಲಾಕರಿನಲ್ಲಿತ್ತು. ಸುದ್ದಿ ಕೇಳಿ ಗೇಟಿನ ಹತ್ತಿರವೇ ಕೂತು ಗೊಳೋ ಎಂದು ಅತ್ತುಬಿಟ್ಟೆ. ವ್ಯಾನಿನಲ್ಲಿದ್ದವರೆಲ್ಲ ಇಳಿದು ಬಂದರು. ಗಟ್ಟಿಗಿತ್ತಿ ಎಂಬ ಹೆಸರು ಅಲ್ಲಿಗೆ ಹೋಯಿತು, ಹೋಗಲಿ.

ಮೂರನೇ ದಿನ ಹಾಲುತುಪ್ಪ ಬಿಡಲು ಹೋದಾಗ ಅವರ ಮಗಳು ನನ್ನ ಪಕ್ಕದಲ್ಲಿ ನಿಂತಿದ್ದಳು. ಆಕೆಯನ್ನು ಯಳಂದೂರಿನ ಕಡೆ ಕೊಟ್ಟಿದೆ. ಕೊನೆಯ ದಿನಗಳಲ್ಲಿ ನಿಮ್ಮ ಅವ್ವನಿಗೆ ಕಿವಿ ಪೂರ್ತಿ ಹೋಗಿತ್ತಲ್ಲವೆ, ಮಾತಾಡಿಸಲು ಕಷ್ಟವಾಯಿತೇನೋ ಎಂದೆ.

“ಅವ್ವುನ್ ಕಿವಿ ಓಗಿ ಇಪ್ಪತ್ ವರ್ಸಾಯ್ತಕ್ಕ,” ಎಂದಳು. “ನಮ್ ಬಾಯಾಡೋದ ನೋಡೇ ಎಲ್ಲಾ ತಿಳ್ಕತಿದ್ಲು. ಮಿಷಿನ್ ಓಡ್ತಿದ್ರೂ ಅಷ್ಟೇ, ನಿಂತಿದ್ರೂ ಅಷ್ಟೇ.”

ನನ್ನ ಕೈಯಲ್ಲಿದ್ದ ಹಾಲಿನ ಲೋಟ ಹಾಗೇ ನಿಂತಿತು. ಅಂದು ಅವರು ಕಿವಿಯ ಮಾತಾಡಿದ್ದರೇ ಹೊರತು ಕಣ್ಣಿನ ಮಾತು ಎತ್ತಿರಲಿಲ್ಲ. ಆ ಚೊಂಬು ನೀರು... ಅಕ್ಕನ ಬಾಯಿಗೆ ನೀರು ಬಿಡಲಾಗಲಿಲ್ಲ ಎಂಬ ಸಂಕಟವನ್ನು ನಾನು ಆ ಸದ್ದಿನೊಳಗಲ್ಲದೆ ಬೇರೆಲ್ಲೂ ಹೇಳಿರಲಿಲ್ಲವಲ್ಲ! ಪ್ರತಿ ಭಾನುವಾರ ನನ್ನ ಮಾತು ಒಂದೂ ಬಿಡದೆ ಅವರಿಗೆ ಗೊತ್ತಾಗಿತ್ತು. ನಾನು ಅಕ್ಕನ ಫೋನು ಕಟ್ ಮಾಡಿದವಳು, ಅವಳ ಮಗಳಿಗೆ ಸುಳ್ಳು ಹೇಳಿದವಳು ಎಂದು ಪೂರ್ತಿ ತಿಳಿದೂ ಅವರು ನನಗೆ ನೀರು ಕೊಟ್ಟಿದ್ದರು, ನನ್ನ ಡಬ್ಬದ ಹಳದಿ ಬಟ್ಟೆ ಬಿಚ್ಚಿರಲಿಲ್ಲ, ಒಂದು ದಿನವೂ ಮುಖ ತಿರುಗಿಸಿರಲಿಲ್ಲ. ಬೀದಿಯಲ್ಲಿ ಒಂದು ಪಿಸುಮಾತೂ ಹುಟ್ಟಿರಲಿಲ್ಲ. ಅಂಥವರು ನನಗೆ ಇನ್ನೊಬ್ಬರು ಸಿಗುವುದಿಲ್ಲ.

ಇದು ತಿಳಿದ ಮೇಲೆ ಒಂದು ವರ್ಷ ಒದ್ದಾಡಿದೆ. ಅಕ್ಕನ ಮಗಳು ಈಗ ಗುಂಡ್ಲುಪೇಟೆಯಲ್ಲೇ ಕೆಲಸದಲ್ಲಿದ್ದಾಳೆ. ಅಕ್ಕನ ಮಾತು ಬಂದರೆ ಈಗಲೂ ನನ್ನ ಕೈ ಹಿಡಿದು, ಪಾಪ ನಿನ್ನ ಫೋನು ಲಾಕರಲ್ಲಿತ್ತು ಎಂದು ಅವಳೇ ನನಗೆ ಸಮಾಧಾನ ಹೇಳುತ್ತಾಳೆ. ಹೋದ ತಿಂಗಳು ಹಾಗೆ ಅಂದಾಗ ಗಂಟಲಲ್ಲಿ ಮತ್ತೆ ಸಣ್ಣಗೆ ಬಿಗಿ ಕಾಣಿಸಿತು. ಅದಕ್ಕೇ ಮೊನ್ನೆ ರಜೆ ಹಾಕಿ ಬಸ್ಸು ಹತ್ತಿದ್ದು.

ಕಿಟಕಿಯ ಕಡೆ ತಿರುಗಿ, ಎಂಜಿನ್ನಿನ ಗದ್ದಲದಲ್ಲಿ, ಅಕ್ಕನ ಮಗಳಿಗೆ ಹೇಳಬೇಕಾದ್ದನ್ನು ತುಟಿಯಲ್ಲೇ ಹೇಳಿ ನೋಡಿಕೊಂಡೆ. ಪಾದದ ಹತ್ತಿರ ಹಿಟ್ಟು ಇನ್ನೂ ಬೆಚ್ಚಗಿತ್ತು. ಎದುರಿಗೆ ನಿಂತು ನನ್ನ ತುಟಿ ನೋಡುವವರು ಈಗ ಇಲ್ಲ. ಇದ್ದಿದ್ದರೆ ಎರಡು ಸಲ ಹೇಳಿಸುತ್ತಿರಲಿಲ್ಲ. ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಡ್ರೈವರು ಎಂಜಿನ್ ಆಫ್ ಮಾಡಿದ. ಸದ್ದು ನಿಂತಿತು. ಇನ್ನು ಹೇಳಬೇಕಾದ್ದನ್ನು ಸದ್ದಿಲ್ಲದ ಕಡೆಯೇ ಹೇಳಬೇಕಿತ್ತು. ನನ್ನ ಚೀಲ ಎತ್ತಿಕೊಂಡು ಇಳಿದೆ.